ಅಮ್ಮನ ಅಣಬೆ ಜಾಗದ ಕಳ್ಳ

ಚಿಬಾಂಗಾ ಹಳ್ಳಿ, ಮ್ಪಿಕಾ ಹತ್ತಿರ
8 ಡಿಸೆಂಬರ್ 1991

ಪ್ರೀತಿಯ ತಂಗಿ ಕಸುಬಾ,

ಕಿಟ್ವೆಯ ಆಸ್ಪತ್ರೆಯಲ್ಲಿ ಊರವರ ಮಕ್ಕಳನ್ನೆಲ್ಲ ಭೂಮಿಗಿಳಿಸುವ ವಿದ್ಯೆ ಕಲಿಯುತ್ತ ಚೆನ್ನಾಗಿದ್ದೀಯೆಂದು ನಂಬಿದ್ದೇನೆ. ನಾವೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ. ಬರೆದಾಯಿತು. ಇನ್ನು ನಿಜ ಬರೆಯುತ್ತೇನೆ.

ಅಮ್ಮನ ಜಾಗದಲ್ಲಿ ಈ ಸಲ ಅಣಬೆ ಇಲ್ಲ.

ಮಳೆ ಬಿದ್ದು ವಾರಗಳಾದವು. ಹೆದ್ದಾರಿಯ ಎರಡೂ ಬದಿಗೆ ಊರಿನ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದಾರೆ. ಲಾರಿಯವರು ಬ್ರೇಕ್ ಹಾಕುವುದೇ ಅಣಬೆಗೆ. ಅಂಗೈಯಗಲದ ಬಿಳಿ ತೆಂತೆ ಅಣಬೆ ಎಲ್ಲರ ಬುಟ್ಟಿಯಲ್ಲೂ ಇದೆ, ನಮ್ಮ ಬುಟ್ಟಿಯಲ್ಲಿ ಎಲೆ ಇದೆ. ಹೌದು, ಬರೀ ಎಲೆ. ಅಮ್ಮ ಖಾಲಿ ಬುಟ್ಟಿಗೆ ಸೊಪ್ಪು ತುಂಬಿ, ಮೇಲೆ ತನ್ನ ಚಿತೆಂಗೆ ಬಟ್ಟೆ ಮುಚ್ಚಿ, ಭಾರ ಹೊತ್ತವಳ ಹಾಗೆ ಕತ್ತು ಬಿಗಿ ಮಾಡಿಕೊಂಡು ಊರೊಳಗೆ ಬರುತ್ತಾಳೆ. ಅಣಬೆ ಕುಲದ ಹಿರಿಯಳಿಗೇ ಅಣಬೆ ಸಿಗಲಿಲ್ಲವೆಂದು ತಿಳಿದರೆ ಜನ ಸುಮ್ಮನಿರುತ್ತಾರೆಯೆ?

ಸುಮ್ಮನಿಲ್ಲ. ಮಳೆ ಕುಲದ ಕಾಪಾಸನಿಗೆ ಆಗಲೇ ವಾಸನೆ ಹತ್ತಿದೆ. ಅವರ ಕುಲಕ್ಕೂ ನಮ್ಮ ಕುಲಕ್ಕೂ ಇರುವುದು ಗೇಲಿಯ ನಂಟಲ್ಲವೆ? ಅವನು ಏನಂದರೂ ನಾವು ನಗಬೇಕು. ಸಿಟ್ಟು ಬಂದರೆ ನಕ್ಕೇ ಬೈಯಬೇಕು. ನಿನ್ನೆ ಬೋರ್‌ವೆಲ್ ಹತ್ತಿರ ಎಲ್ಲರೆದುರಿಗೆ ಶುರು ಮಾಡಿದ. "ಏನ್ ಟೀಚರಮ್ಮಾ, ಸೊಪ್ಪಿನ ವ್ಯಾಪಾರ ಹೇಗಿದೆ? ನಿಮ್ ಅಣಬೆ ಎಲ್ಲಾ ನಾನೇ ತಿಂದೆ ಕಣಮ್ಮ. ಮಳೆ ನಮ್ದು. ನೀವು ಬಾಡಿಗೆ ಕಟ್ಲಿಲ್ಲ, ನಿಲ್ಲಿಸ್ಬಿಟ್ವಿ."

"ಅಷ್ಟು ತಿಂದ್ಮೇಲೂ ಈ ಮೈಯಾ? ನಮ್ಮ ಅಣಬೆಗೇ ಅವಮಾನ," ಎಂದೆ.

"ನನ್ನ ಮೈ ಬಿಡಿ, ನಿಮ್ ಅಳಿಯನ್ನ ನೋಡ್ಕೊಳ್ಳಿ. ಕಾಡಲ್ಲಿ ಮರಕ್ಕೆ ಬಟ್ಟೆ ಬಿಚ್ತಾ ನಿಂತಿದ್ದ. ಹೆಂಡ್ತಿ ದೂರ ಇದ್ರೆ ಗಂಡಸರ ಪಾಡು ಹಿಂಗೇ."

ಹೆಂಗಸರು ಬಕೆಟ್ಟಿನ ನೀರು ಚೆಲ್ಲುವ ಹಾಗೆ ನಕ್ಕರು. ನಾನೂ ನಕ್ಕೆ, ಪದ್ಧತಿಯಂತೆ. ಅಮ್ಮ ನಗಲಿಲ್ಲ.

ಕಸುಬಾ, ಅಮ್ಮನ ಅನುಮಾನ ಕಾಪಾಸನ ಮೇಲಲ್ಲ. ನಿನ್ನ ಗಂಡ ಚಿತಾಲುವಿನ ಮೇಲೆ. ಅಮ್ಮನ ವಾದ ಕೇಳು, ಯಾವ ವಕೀಲನೂ ಇಷ್ಟು ಚೆನ್ನಾಗಿ ಕಟ್ಟಲಾರ. ಬೇರೆಯವರು ಕದ್ದಿದ್ದರೆ ಅಣಬೆಯ ಬುಡ ಉಳಿಯುತ್ತಿತ್ತು, ಎಲೆ ಕೆದರಿರುತ್ತಿತ್ತು. ಒಂದು ತೊಟ್ಟೂ ಬಿದ್ದಿಲ್ಲ, ಒಂದು ತೂತೂ ಇಲ್ಲ. "ಇಷ್ಟು ಅಚ್ಚುಕಟ್ಟಾಗಿ ಕದಿಯೋರು ನಮ್ಮನೆಯೋರೇ," ಎನ್ನುತ್ತಾಳೆ. ಮನೆಯವರೆಂದರೆ ಆ ಜಾಗ ಬಲ್ಲವರು ಅವಳು, ನಾನು, ನೀನು. ನಾನು ಪಾಠ ಹೇಳುತ್ತ ಶಾಲೆಯಲ್ಲಿರುತ್ತೇನೆ. ನೀನು ಕಿಟ್ವೆಯಲ್ಲಿದ್ದೀಯ. ನಿನ್ನ ಬಾಯಿ ಮಾತ್ರ ಎಲ್ಲಿರುತ್ತದೋ ಹೇಳಲಾಗದು. ಗಂಡನ ಕಿವಿಯ ಹತ್ತಿರ ಇದ್ದಿರಬಹುದೆ?

ಇನ್ನೊಂದು ಸಾಕ್ಷಿಯಿದೆ. ಜಾಗಕ್ಕೆ ಇಳಿಯುವ ತಿರುವಿನಲ್ಲಿ ಅಮ್ಮ ಹಲವು ಸಲ ಚಿತಾಲುವಿನ ಅಂಗಿ ಪೊದೆಯೊಳಗೆ ಮಾಯವಾಗುವುದನ್ನು ಕಂಡಿದ್ದಾಳೆ. "ಕಳ್ಳ ಅಲ್ದಿದ್ರೆ ಓಡೋದ್ಯಾಕೆ?" ಎಂದಳು. ನಾನು ಹೇಳಿದೆ, "ಅಮ್ಮಾ, ಅವನು ನಿನ್ನ ಅಳಿಯ. ನೀನಿನ್ನೂ ಕೋಳಿ ಅಡುಗೆ ಮಾಡಿ ಅವನನ್ನ ಒಳಗೆ ಕರೆದಿಲ್ಲ. ಅಲ್ಲೀ ತನಕ ನಿನ್ನ ಮುಖ ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ, ನೀನು ಎದುರಿಗೆ ಬಂದ್ರೆ ಪೊದೆಗೆ ಹಾರ್ಲೇಬೇಕು. ಓಡದೆ ನಿಂತಿದ್ರೆ ಮರ್ಯಾದೆಗೆಟ್ಟವನು ಅಂತಿದ್ದೆ." ಅದಕ್ಕೆ ಅಮ್ಮ, "ಹಾರ್ಲಿ. ಆದ್ರೆ ನನ್ನ ಜಾಗದ ಪಕ್ಕದ ಪೊದೆಗೇ ಯಾಕೆ ಹಾರ್ಬೇಕು? ಕಾಡಲ್ಲಿ ಪೊದೆಗೆ ಬರವಾ?" ಎಂದಳು. ಇದಕ್ಕೆ ಉತ್ತರ ನಿನಗೆ ಹೊಳೆದರೆ ಬರೆ.

ತಮಾಷೆ ಸಾಕು. ಅಮ್ಮನ ತೀರ್ಪು ಇದು: ಕ್ರಿಸ್‌ಮಸ್ ಕಳೆಯುವುದರೊಳಗೆ ಕಳ್ಳ ಸಿಗಬೇಕು. ಅವನೇ ಎಂದಾದರೆ, "ಕೊಡಲಿ ಹೆಗಲಿಗೇರಿಸ್ಕೊಂಡು ಅವರಮ್ಮನ ಊರಿಗೆ ನಡೀಲಿ. ನನ್ನ ಕೋಳಿ ಉಳೀತು." ಹೆಂಡತಿಯ ಊರಲ್ಲಿ ಇಷ್ಟು ದಿನ ಅತ್ತೆಯ ಹೊಲ ಅಗೆದವನು ಬರಿಗೈಯಲ್ಲಿ ಹೊರಟರೆ ನಿನ್ನ ಮದುವೆಯೂ ಅವನ ಜೊತೆ ಹೊರಟ ಹಾಗೆಯೇ. ಅಳಿಯ ಬಂದ, ಅಣಬೆ ಅಳಿಯಿತು ಎಂದು ನಾನು ಗೇಲಿ ಮಾಡಬಹುದು. ಅಮ್ಮ ಗೇಲಿ ಮಾಡುತ್ತಿಲ್ಲ.

ಹೇಳು, ಅವನಿಗೆ ಜಾಗ ಹೇಳಿದ್ದೀಯಾ? ನಿಜ ಬರೆ. ಸುಳ್ಳು ಬರೆದರೆ ನಿನ್ನ ಅಕ್ಷರ ಎಡಕ್ಕೆ ವಾಲುತ್ತದೆ, ನನಗೆ ಗೊತ್ತಾಗುತ್ತದೆ.

ನಿನ್ನ ಅಕ್ಕ,
ಲೊಂಬೆ


ಕಿಟ್ವೆ
15 ಡಿಸೆಂಬರ್

ಅಕ್ಕಾ,

ನಿನ್ನ ಪತ್ರವನ್ನು ಬಸ್ ಡ್ರೈವರ್ ನಗುತ್ತಲೇ ಕೊಟ್ಟ. ಓದಿರಬೇಕು. ಅಂಟು ಸರಿಯಾಗಿ ಹಚ್ಚು.

ಗಂಡನ ಮೇಲೆ ಅನುಮಾನಪಡುವ ಹಕ್ಕು ಹೆಂಡತಿಯದು. ನನ್ನ ಪಾಲಿನದನ್ನು ನೀನೂ ಅಮ್ಮನೂ ಹಂಚಿಕೊಂಡು ತಿನ್ನಬೇಡಿ. ನಾನು ಅವನಿಗೆ ಜಾಗ ಹೇಳಿಲ್ಲ. ಅಮ್ಮ ನನ್ನನ್ನು ಅಲ್ಲಿ ನಿಲ್ಲಿಸಿ, ಮಣ್ಣು ಮುಟ್ಟಿಸಿ ಆಣೆ ಹಾಕಿಸಿದಾಗ ನೀನೂ ಪಕ್ಕದಲ್ಲಿದ್ದೆ. ಮದುವೆಯ ಆಣೆಗಿಂತ ಮುಂಚಿನ ಆಣೆ ಅದು. ಚಿತಾಲು ಒಮ್ಮೆಯೂ ಕೇಳಿಲ್ಲ. ಅಣಬೆ ಎಂದರೆ ತಟ್ಟೆಯಲ್ಲಿ ಹುಟ್ಟುತ್ತದೆ ಎಂದುಕೊಂಡಿರುವ ಗಂಡಸು ಅವನು.

ಅವನು ಕಾಡಿಗೆ ಯಾಕೆ ಹೋಗುತ್ತಾನೆ ಎಂಬುದು ನನಗೆ ಗೊತ್ತು. ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ. ಅಮ್ಮನಿಗೆ ಒಳ್ಳೆಯದಾಗುವ ಕೆಲಸ ಎಂದಷ್ಟೇ ತಿಳಿದುಕೊ, ಮತ್ತೆ ಕೆದಕಬೇಡ. ನೀನು ಕೆದಕುತ್ತೀಯ. ನಿನ್ನನ್ನು ನಾನು ಬಲ್ಲೆ.

ಅಂದ ಹಾಗೆ, ಆ ಜಾಗ ಬಲ್ಲ ಮೂವರಲ್ಲಿ ಒಬ್ಬಳು ಕಿಟ್ವೆಯಲ್ಲಿದ್ದಾಳೆ, ಒಬ್ಬಳು ಬುಟ್ಟಿಗೆ ಸೊಪ್ಪು ತುಂಬುತ್ತಿದ್ದಾಳೆ. ಮೂರನೆಯವಳು ಶಾಲೆ ಬಿಟ್ಟ ಮೇಲೆ ಎಲ್ಲಿರುತ್ತಾಳೆ? ಹೋದ ವರ್ಷ ಹೆಡ್‌ಮಾಸ್ಟರ ಮನೆಗೆ ತೆಂತೆ ಅಣಬೆ ಯಾರು ಕಳಿಸಿದರು? ನನಗೂ ಅನುಮಾನಪಡಲು ಬರುತ್ತದೆ.

ಅಮ್ಮನನ್ನು ತಡೆ. ಅವನನ್ನು ಕಳಿಸಿದರೆ ನಾನು ರಜಕ್ಕೆ ಯಾವ ಊರಿಗೆ ಬರಲಿ?

ನಿನ್ನ ತಂಗಿ,
ಕಸುಬಾ

(ಅಕ್ಷರ ನೋಡಿಕೊ. ನೆಟ್ಟಗಿದೆ.)


ಚಿಬಾಂಗಾ
30 ಡಿಸೆಂಬರ್

ಪ್ರೀತಿಯ ಕಸುಬಾ,

ಈ ಸಲ ಅಂಟು ಎರಡು ಸಲ ಹಚ್ಚಿದ್ದೇನೆ.

ಹೆಡ್‌ಮಾಸ್ಟರ ಮನೆಗೆ ಹೋದದ್ದು ನನ್ನ ಪಾಲಿನ ಅಣಬೆ. ಅವರ ಹೆಂಡತಿ ಬಾಣಂತಿಯಾಗಿದ್ದಳು. ನಿನ್ನ ಮುಗುಳ್ನಗೆ ಇಲ್ಲಿಗೇ ಕಾಣುತ್ತಿದೆ, ಒರೆಸಿಕೊ.

ಕೆದಕಬೇಡ ಎಂದೆ ನೀನು. ಕೆದಕಿದೆ. ಅದೂ ಕೈಯಾರೆ, ಮಣ್ಣಲ್ಲಿ.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಬೆಳಿಗ್ಗೆ ಚಿತಾಲು ಕೊಡಲಿ, ಹಗ್ಗ ಹಿಡಿದು ಹೊರಟ. ಹಗ್ಗ ಯಾಕೆ? ಅಣಬೆಯನ್ನು ಯಾರಾದರೂ ಹಗ್ಗದಲ್ಲಿ ಕಟ್ಟುತ್ತಾರೆಯೆ? ನಾನು ಹಿಂದೆ ಹೊರಟೆ. ಪತ್ತೇದಾರಿಗೆ ನಾನು ಸಲ್ಲುವವಳಲ್ಲ, ದಾರಿಯಲ್ಲಿ ಸಿಕ್ಕವರೆಲ್ಲ, "ಎಲ್ಲಿಗೆ ಟೀಚರಮ್ಮಾ, ಅಳಿಯನ ಹಿಂದೆ?" ಎಂದು ಕೂಗಿ ಕೇಳಿದರು. ಆದರೂ ಅವನು ತಿರುಗಿ ನೋಡಲಿಲ್ಲ. ಅಮ್ಮನ ಜಾಗದ ತಿರುವಿನಲ್ಲಿ ದಾರಿ ಬಿಟ್ಟ. ಆದರೆ ಅವನು ಕೆಳಗೆ ಜಾಗಕ್ಕೆ ಇಳಿಯಲಿಲ್ಲ. ಮುಳ್ಳುಪೊದೆ ದಾಟಿ ಮೇಲಿನ ದಿಬ್ಬ ಹತ್ತಿದ. ಅಲ್ಲಿ ಎರಡು ಮುತೊಂದೊ ಮರಗಳಿವೆಯಲ್ಲ, ಅಪ್ಪಿದರೆ ಕೈ ಕೂಡದಂಥವು, ಅವುಗಳ ಹತ್ತಿರ ನಿಂತ.

ಕಸುಬಾ, ಕಾಪಾಸ ಗೇಲಿ ಮಾಡಿರಲಿಲ್ಲ. ಆ ಮರಗಳಿಗೆ ನಿಜವಾಗಿಯೂ ಬಟ್ಟೆ ಬಿಚ್ಚಿಯಾಗಿತ್ತು. ನನ್ನ ತಲೆಯ ಎತ್ತರದಿಂದ ಮೇಲಕ್ಕೆ ಒಂದಾಳುದ್ದ ಸುತ್ತಲೂ ತೊಗಟೆ ಕಿತ್ತು, ಕೆಂಪು ಕಟ್ಟಿಗೆ ಬೆತ್ತಲೆ ನಿಂತಿತ್ತು. ಕಿತ್ತ ತೊಗಟೆಯನ್ನು ಡೋಲಿನ ಹಾಗೆ ಸುತ್ತಿ, ಎರಡೂ ಬಾಯಿಗೆ ಹುಲ್ಲು ಮುಚ್ಚಿ, ಆಚೆ ಮರದ ಕೊಂಬೆಗೆ ಹಗ್ಗದಲ್ಲಿ ನೇತುಹಾಕಿದ್ದ. ಜೇನಿನ ಗೂಡು. ಸುತ್ತ ಜೇನ್ನೊಣ ಗುಂಯ್‌ಗುಡುತ್ತಿದ್ದವು. ಹಳೆಯ ಪದ್ಯಗಳಲ್ಲಿ ಜೇನ್ನೊಣಕ್ಕೆ ಅಳಿ ಎನ್ನುತ್ತಾರಲ್ಲ, ನಿನ್ನ ಗಂಡ ಅಳಿಯ ಬೆನ್ನುಹತ್ತಿದ ಅಳಿಯ.

ನನ್ನನ್ನು ಕಂಡು ಬೆಚ್ಚಿಬಿದ್ದ. "ಅಕ್ಕಾ, ದಯವಿಟ್ಟು ಅಮ್ಮನಿಗೆ ಹೇಳ್ಬೇಡಿ. ಅತ್ತೆ ಮನೇಗೆ ಜೇನು ತರದ ಅಳಿಯ ಎಂಥ ಅಳಿಯ ಅಂತ ಅವರು ಅಂದಿದ್ರಂತೆ, ಕಸುಬಾ ಬರೆದಿದ್ಲು. ಗೂಡು ತುಂಬಲಿ, ಕೊಡ ಹೊತ್ಕೊಂಡೋಗಿ ಬಾಗಿಲಲ್ಲಿ ಇಡ್ತೀನಿ. ಆಗಲಾದ್ರೂ ಒಳಗೆ ಕರೀತಾರೇನೋ."

"ಈ ಮರಾನೇ ಯಾಕೆ ಹಿಡಿದ್ಯೋ?" ಎಂದೆ.

"ಅಮ್ಮ ಬರೋದು ಕಂಡಾಗ್ಲೆಲ್ಲಾ ಈ ಪೊದೆಗೆ ಹಾರ್ತಿದ್ದೆ ಅಕ್ಕಾ. ಇಲ್ಲಿ ಅಡಗಿ ಕೂತು ಕೂತು ಇವುಗಳ ತೊಗಟೆ ಎಷ್ಟು ನೆಟ್ಟಗಿದೆ ಅಂತ ಕಣ್ಣಿಗೆ ಬಿತ್ತು. ಮಳೆಗೆ ಮುಂಚೆ ಕೆಂಪು ಚಿಗುರು ಬಂದಾಗ ಕಿತ್ತೆ, ಬಾಳೆಹಣ್ಣಿನ ಸಿಪ್ಪೆ ಥರ ಬಂತು."

ಅತ್ತೆಯ ಮರ್ಯಾದೆಗೆ ಅಡಗಿದ, ಅತ್ತೆಯ ಮೆಚ್ಚುಗೆಗೆ ತೊಗಟೆ ಕಿತ್ತ. ಆ ಮರಗಳು ಅತ್ತೆಯವೆಂದು ಅವನಿಗೆ ಯಾರು ಹೇಳಬೇಕಿತ್ತು? ಅವಳು ಮಾತಾಡುವಂತಿಲ್ಲ. ನಾವು ಆಣೆ ಮುರಿಯುವಂತಿಲ್ಲ. ನೀನು ನಿಜಕ್ಕೂ ಬಾಯಿ ಸಡಿಲಿನ ಹೆಂಡತಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಮೇಲೆ ನೋಡಿದರೆ ಕೊಂಬೆ ತುಂಬ ಹಸಿರು. ಅಮ್ಮನಿಗೆ ತಿಳಿಯದಿದ್ದುದು ಅದಕ್ಕೇ. ಅಣಬೆ ಹುಡುಕುವವರು ನೆಲ ನೋಡುತ್ತಾರೆ. ಕತ್ತೆತ್ತಿದರೂ ಪೊದೆಯ ಮೇಲೆ ಕಾಣುವುದು ಎಲೆ ಮಾತ್ರ. ಪ್ರತಿ ವರ್ಷ ನಾನೇ ಕಪ್ಪುಹಲಗೆಯ ಮೇಲೆ ಮರದ ಚಿತ್ರ ಬರೆದು ಹೇಳಿಕೊಡುತ್ತೇನೆ: ಎಲೆ ಅಡುಗೆಮನೆ, ತೊಗಟೆ ಬಡಿಸುವ ಕೈ, ಬೇರು ಉಣ್ಣುವ ಬಾಯಿ. ನೀರು ಕಟ್ಟಿಗೆಯೊಳಗಿಂದ ಮೇಲೇರುತ್ತದೆ, ಅದಕ್ಕೇ ಎಲೆ ಬಾಡುವುದಿಲ್ಲ. ಅನ್ನ ತೊಗಟೆಯಲ್ಲಿ ಕೆಳಗಿಳಿಯುತ್ತದೆ. ಸುತ್ತ ತೊಗಟೆ ಹೋದರೆ ಮೇಲೆ ಹಬ್ಬ, ಕೆಳಗೆ ಉಪವಾಸ. ಪರೀಕ್ಷೆಯಲ್ಲಿ ಮಕ್ಕಳು ಇದನ್ನು ಬರೆಯುತ್ತಾರೆ, ನಾನು ಅಂಕ ಕೊಡುತ್ತೇನೆ.

ಆದರೂ ಅನುಮಾನ ತೀರಬೇಕಲ್ಲ. ದಿಬ್ಬದಿಂದ ಬೇರಿನ ಜಾಡು ಹಿಡಿದು ಕೋಲಿನಿಂದ ಕೆದಕುತ್ತ ಬಂದೆ. ಆ ಬೇರುಗಳು ಆಳಕ್ಕಿಳಿಯುವುದಕ್ಕಿಂತ ಅಗಲಕ್ಕೆ ಓಡುತ್ತವೆ. ಪೊದೆಯಡಿ ನುಗ್ಗಿ, ಬಂಡೆ ಬಳಸಿ, ಇಳಿಜಾರಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೀದಾ ಅಮ್ಮನ ಜಾಗಕ್ಕೆ ಬಂದು ನಿಂತವು. ಅಲ್ಲಿ ಮಂಡಿಯೂರಿ ಎಲೆ ಸರಿಸಿದೆ. ನೆನಪಿದೆಯೆ, ಬೇರೆ ವರ್ಷ ಅಲ್ಲಿ ಮಣ್ಣು ಕೆದಕಿದರೆ ಕೂದಲೆಳೆಯಂಥ ಬೇರಿನ ತುದಿಗಳಿಗೆ ಹತ್ತಿ ಸುತ್ತಿದ ಹಾಗೆ ಬಿಳಿ ನೂಲು ಹಬ್ಬಿರುತ್ತಿತ್ತು? ಅಣಬೆಯ ನಿಜವಾದ ಮೈ ಅದೇ. ನಾವು ಕೊಯ್ಯುವುದು ಅದರ ಕೊಡೆ ಮಾತ್ರ. ಬೇರಿನ ಕೈ ಮುಟ್ಟದ ಸಂದಿಯಿಂದ ಆ ನೂಲು ನೀರು, ಉಪ್ಪು ಹೀರಿ ತಂದು ಬೇರಿಗೆ ಕೊಡುತ್ತದೆ, ಬೇರು ಅದಕ್ಕೆ ತನ್ನ ತಟ್ಟೆಯಿಂದ ಸಕ್ಕರೆ ಕೊಡುತ್ತದೆ. ಒಬ್ಬರ ಮನೆಯಲ್ಲಿ ಒಲೆ ಆರಿದರೆ ಇಬ್ಬರಿಗೂ ಊಟವಿಲ್ಲ. ಈ ಸಲ ನೂಲು ಇರಲಿಲ್ಲ. ತುದಿಗಳು ಕಂದಿ ಬರಿದಾಗಿದ್ದವು. ಬೆರಳಿಗೆ ಹತ್ತಿದ್ದು ಒಣ ಮಣ್ಣಿನ ವಾಸನೆ ಅಷ್ಟೇ.

ಅಣಬೆಯನ್ನು ಯಾರೂ ಕದ್ದಿರಲಿಲ್ಲ. ಅದು ಹುಟ್ಟಿಯೇ ಇರಲಿಲ್ಲ.

ಚಿತಾಲು ನನ್ನ ಪಕ್ಕ ಮಣ್ಣಲ್ಲಿ ಕೂತುಬಿಟ್ಟ. "ಕದ್ದಿದ್ರೇ ವಾಸಿಯಿತ್ತಲ್ಲಾ ಅಕ್ಕಾ," ಎಂದ. ನಿಜವೇ. ಕದ್ದವನು ಒಂದು ವರ್ಷದ ಅಣಬೆ ಒಯ್ಯುತ್ತಾನೆ. ಇವನು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಮಗೆ ಬಂದದ್ದನ್ನು ಬುಡದಲ್ಲೇ ಬರಿದು ಮಾಡಿದ್ದ. ಅಮ್ಮನಿಗೆ ತಿಳಿದರೆ ಅವರಮ್ಮನ ಊರಿನ ದಾರಿಯೇ ಗತಿ. ಹಾಗಾಗಿ ನಾನು ಒಂದು ಸುಳ್ಳು ಹೊಸೆದೆ. ಕಾಡುಹಂದಿ. ಹಂದಿಗಳು ಅಣಬೆಯ ವಾಸನೆಗೆ ಬಂದು ಅಗೆದು ತಿಂದಿವೆ, ನಾನೇ ನೋಡಿ ಬಂದೆ ಎಂದು ಹೇಳುವುದು.

ಮನೆಗೆ ಬಂದು ಹೇಳಿದೆ. ಅಮ್ಮ ಕಡಲೆಕಾಯಿ ಕುಟ್ಟುತ್ತಿದ್ದಳು. ಒನಕೆ ನಿಲ್ಲಿಸಿ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ನನ್ನ ಬೆರಳು ಎಳೆದುಕೊಂಡು ಉಗುರಿನ ಸಂದಿಯ ಮಣ್ಣನ್ನು ಮೂಸಿದಳು. "ಇದು ನನ್ನ ಜಾಗದ ಮಣ್ಣು. ಹಂದಿ ಅಗೆದಿದ್ರೆ ಹಂದಿ ಉಗುರಲ್ಲಿರ್ಬೇಕಿತ್ತು, ನಿನ್ನ ಉಗುರಲ್ಲಿ ಯಾಕಿದೆ? ಅಯ್ಯೋ ಲೊಂಬೆ! ನೀನಾ? ಊರೆಲ್ಲಾ ನನ್ನನ್ನ ಲೊಂಬೆ ಅಮ್ಮ, ಲೊಂಬೆ ಅಮ್ಮ ಅಂತ ಕರೆಯೋದು ಈ ಕಳ್ಳಿ ಹೆಸರಲ್ಲಾ?"

ಒಂದು ಗಂಟೆ ನಾನು ಕಳ್ಳಿಯಾಗಿದ್ದೆ, ಕಸುಬಾ. ಹೆಡ್‌ಮಾಸ್ಟರ ಮನೆಯ ವಿಷಯವೂ ಅವಳಿಗೆ ಗೊತ್ತಿತ್ತು. ತಡೆದುಕೊಳ್ಳಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ: ಪೊದೆ, ಜೇನು, ತೊಗಟೆ, ಬೇರು.

ಅಮ್ಮ ಒಬ್ಬಳೇ ಕಾಡಿಗೆ ಹೋಗಿ ಬಂದಳು. ಆ ದಿನವೂ ಮರುದಿನವೂ ಊಟ ಮುಟ್ಟಲಿಲ್ಲ. ಚಿತಾಲು ತನ್ನ ಗುಡಿಸಿಲಲ್ಲಿ ಕಂಬಳಿ ಮಡಿಸಿ ಕಟ್ಟಿಟ್ಟಿದ್ದ, ನಾನು ಹೋದಾಗ, "ನಾನೇ ಹೊರಡ್ಲಾ ಅಕ್ಕಾ, ಅವರು ಹೇಳೋ ಮುಂಚೆ?" ಎಂದು ಕೇಳಿದ. ನನಗೆ ತಮಾಷೆಯೊಂದೂ ಬಾಯಿಗೆ ಬರಲಿಲ್ಲ ಎಂದರೆ ನೀನೇ ತಿಳಿದುಕೊ.

ಮೂರನೆಯ ದಿನ ಅಮ್ಮ, "ಆ ಕೆಂಪು ಹುಂಜ ಹಿಡಿ," ಎಂದಳು.

"ಯಾಕಮ್ಮಾ?"

"ಅಳಿಯನ್ನ ಒಳಗೆ ಕರೀಬೇಕು."

ನಾನು ಹುಂಜ ಹಿಡಿಯುವುದನ್ನೂ ಮರೆತು ನಿಂತೆ. "ಕಳಿಸ್ತೀನಿ ಅಂದಿದ್ದೆಯಲ್ಲಾ?"

"ಅವನಿಗೆ ಬೈಬೇಕು ಕಣೆ ನಾನು! ಹೊಟ್ಟೇಲಿ ಇಟ್ಕೊಂಡು ಎರಡು ದಿನ ಉಂಡಿಲ್ಲ. ಬೈಬೇಕಾದ್ರೆ ಮಾತಾಡ್ಬೇಕು. ಮಾತಾಡ್ಬೇಕಾದ್ರೆ ಕೋಳಿ ಕೊಯ್ಬೇಕು. ನೀನು ಹೇಳಿದ್ರೆ ಸಾಲಲ್ಲ, ನಿನ್ನ ಬಾಯಲ್ಲಿ ನನ್ನ ಬೈಗಳಿಗೆ ಉಪ್ಪು ಹತ್ತಲ್ಲ. ಹಿಡಿ ಹುಂಜ!"

ಹೀಗೆ ನಿನ್ನ ಗಂಡ ಒಳಗೆ ಬಂದ. ಹೊಸ ಚಾಪೆ, ಬಿಸಿ ಉಬ್ವಾಲಿ ಮುದ್ದೆ, ಹುಂಜದ ಸಾರು, ಹೋದ ವರ್ಷದ ಒಣ ಅಣಬೆಯ ಕೊನೆಯ ಹಿಡಿ ಹಾಕಿದ ಕಡಲೆಕಾಯಿ ಪಲ್ಯ. ಅಮ್ಮ ನಿಯಮದಂತೆ ಪಾತ್ರೆಯ ಮುಚ್ಚಳ ತೆಗೆದಳು, ಅವನ ಕೈಗೆ ನೀರು ಹಾಕಿದಳು, ಅವನು ಮೊದಲ ತುತ್ತು ನುಂಗುವವರೆಗೆ ಕಾದಳು. ನುಂಗಿದ. ಶುರುವಾಯಿತು.

"ತಿನ್ನಪ್ಪಾ ತಿನ್ನು. ಅದು ನಿನ್ನ ಕೈಯಿಂದ ಸತ್ತ ಅಣಬೆಯ ಅಕ್ಕ! ತೊಗಟೆ ಬೇಕಿದ್ರೆ ಮರದ ಒಂದು ಮಗ್ಗುಲಿಂದ ತಗೋಬಾರ್ದಾ? ಸುತ್ತ ಕೀಳ್ತಾರಾ? ನಿನ್ನ ಸೊಂಟಕ್ಕೆ ಸುತ್ತ ಕುಯ್ದು ಮೇಲಿಂದ ಅನ್ನ ಹಾಕ್ಲಾ, ಕಾಲಿಗೆ ಇಳಿಯುತ್ತಾ ನೋಡೋಣ? ಜೇನಂತೆ ಜೇನು! ಯಾರಾದ್ರೂ ಹಸಿದ ಮರದ ಮೇಲೆ ಜೇನು ಕೇಳಿದ್ರಾ? ನಾನು ಕೇಳಿದ್ನಾ?"

"ಕೇಳಿದ್ರಂತೆ ಅಮ್ಮಾ," ಎಂದ ಚಿತಾಲು. ಅಮ್ಮನಿಗೆ ಅವನು ಆಡಿದ ಮೊದಲ ಮಾತು ಇದು.

ಅಮ್ಮ ತಡವರಿಸಿದಳು. ನಾನು ಛಾವಣಿ ನೋಡಿದೆ. "ಕೇಳಿದ್ದೆ," ಎಂದಳು ಕೊನೆಗೆ. "ಕೇಳಿದ್ರೆ ಹಿಂಗಾ ತರೋದು?" ದನಿ ಆಗಲೇ ಇಳಿದಿತ್ತು. ಇನ್ನೊಂದು ತುಂಡು ಅವನ ತಟ್ಟೆಗೆ ಹಾಕಿ ಮತ್ತೆ ಬೈದಳು.

ಮರುದಿನ ಬೆಳಿಗ್ಗೆ ಅಮ್ಮನೇ ಅವನನ್ನು ದಿಬ್ಬಕ್ಕೆ ಕರೆದೊಯ್ದಳು. ತೊಗಟೆ ಹೋದ ಮರ ನಿಂತೇ ಸಾಯುತ್ತದೆ, ಸಾಯುವಷ್ಟು ಕಾಲ ಬೇರಿನಲ್ಲಿ ಉಳಿದದ್ದನ್ನೂ ಹೀರುತ್ತದೆ. ಬೇರಿಗೆ ಇನ್ನೂ ಜೀವ ಇರುವಾಗಲೇ ಕಡಿದರೆ ಬುಡದಿಂದ ಚಿಗುರುತ್ತದೆ. ಎರಡನ್ನೂ ಅವನ ಕೈಯಲ್ಲೇ ಕಡಿಸಿದಳು. "ಇನ್ನೂ ಕೆಳಗೆ, ಇನ್ನೂ ಕೆಳಗೆ," ಎನ್ನುತ್ತ ಪಕ್ಕದಲ್ಲೇ ನಿಂತಿದ್ದಳು. ಮರ ಬಿದ್ದಾಗ ಇಬ್ಬರೂ ಮುಖ ತಿರುಗಿಸಿಕೊಂಡರು. ಒಬ್ಬರ ಕಣ್ಣೀರು ಇನ್ನೊಬ್ಬರಿಗೆ ಕಾಣಬಾರದೆಂದಿರಬೇಕು. ನನಗೆ ಇಬ್ಬರದೂ ಕಂಡಿತು. ಚಿಗುರು ಬರುತ್ತದೆಯೋ ಇಲ್ಲವೋ. ಬಂದರೂ, ಬೇರು ಮತ್ತೆ ಅತಿಥಿಗೆ ಬಡಿಸುವಷ್ಟು ಗಟ್ಟಿಯಾಗುವ ಹೊತ್ತಿಗೆ ಆ ಅಣಬೆ ಆರಿಸುವವಳು ನಿನ್ನ ಹೊಟ್ಟೆಯಲ್ಲಿ ಮುಂದೆ ಎಂದೋ ಹುಟ್ಟುವ ಮಗಳು.

ಅಂತೂ ನಿನ್ನ ಮದುವೆ ಉಳಿಯಿತು. ಕಂಬಳಿ ಬಿಚ್ಚಿ ಹಾಸಿದ್ದಾನೆ. ಅಮ್ಮ ಈಗ ದಿನವೂ ಅವನನ್ನು ಬೈಯುತ್ತಾಳೆ, ಕೂಡಿಟ್ಟಿದ್ದೆಲ್ಲ ಬಡ್ಡಿ ಸಮೇತ ಖರ್ಚಾಗುತ್ತಿದೆ. ಅವನೂ ಒಂದಕ್ಕೆ ಎರಡು ಉತ್ತರ ಕೊಡುತ್ತಾನೆ. ಮನೆ ತುಂಬಿದೆ.

ಪ್ರೀತಿಯಿಂದ,
ನಿನ್ನ ಅಕ್ಕ,
ಲೊಂಬೆ (ಒಂದು ಗಂಟೆಯ ಕಳ್ಳಿ)

ಮರೆತೆ: ಈ ಪತ್ರ ಮಡಿಸುವಾಗ ಅಮ್ಮನೂ ಚಿತಾಲುವೂ ಕಾಡಿನಿಂದ ಬಂದರು. ಬುಟ್ಟಿಯ ತುಂಬ ತೆಂತೆ. ಸೊಪ್ಪಲ್ಲ, ನಿಜವಾದ ತೆಂತೆ, ನಾನೇ ಮುಟ್ಟಿ ನೋಡಿದೆ. ಅಮ್ಮನಿಗೆ ಇನ್ನೊಂದು ಜಾಗವಿದೆ, ಕಸುಬಾ! ಹೊಟ್ಟೆಯಲ್ಲಿ ಹುಟ್ಟಿದ ನಮಗೆ ಇಷ್ಟು ವರ್ಷ ಹೇಳದೆ ಅವನಿಗೆ ತೋರಿಸಿದ್ದಾಳೆ. ಕೇಳಿದ್ದಕ್ಕೆ, "ನಿಮಗೆ ಬಾಯಿದೆ, ಅವನಿಗೆ ಕೊಡಲಿಯಿದೆ. ಎಲ್ಲಿ ಬೀಸಬಾರದು ಅಂತ ಕೊಡಲಿಗೆ ಮೊದಲು ಗೊತ್ತಿರ್ಬೇಕು," ಎಂದಳು. ಅವನು ಚಾವಡಿಯಲ್ಲಿ ಕೂತು ಅಣಬೆ ಒರೆಸುತ್ತ ನಗುತ್ತಿದ್ದಾನೆ. ಈಸ್ಟರ್‌ಗೆ ಬಂದಾಗ ಹೇಗಾದರೂ ಮಾಡಿ ಅವನ ಬಾಯಿ ಬಿಡಿಸು. ಅವನು ಹೇಳಲಿಲ್ಲ ಎಂದು ನೀನು ಬರೆದರೆ, ನಿನಗೂ ಹೇಳಿದ್ದಾನೆ ಎಂದೇ ನಾನು ತಿಳಿಯುತ್ತೇನೆ.